ಬೈಬಲ್ ವಚನದ ಸಂಖ್ಯೆ ಕೇಳಿದರೆ ಸಾಲದು, ಹಿಂದುಮುಂದೂ ಓದಬೇಕು

ಕಾಸರಗೋಡಿನ ಕನ್ನಡಿಗರಿಗೆ ಮಲಯಾಳ ಸಿನಿಮಾ ಹೊರಗಿನದಲ್ಲ. ಅದರಲ್ಲಿ ಇಗರ್ಜಿ, ಪಾದ್ರಿ, ಬೈಬಲಿನ ಮಾತು ಧಾರಾಳ. ತೆರೆಯ ಮೇಲೆ ಕೇಳಿದ್ದನ್ನೇ ಬೈಬಲ್ ಎಂದು ವಾಟ್ಸಾಪಿನಲ್ಲಿ ಹಂಚುವವರನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

2019ರ ಮಲಯಾಳ ಚಿತ್ರ ‘ಲೂಸಿಫರ್’ ಹೆಸರನ್ನೇ ನೋಡಿ. ಕೇಳಿದೊಡನೆ ಸೈತಾನ ಎನ್ನುತ್ತೇವೆ. ಪದ ಬಂದದ್ದು ಬೈಬಲಿನ ಯೆಶಾಯ ಪುಸ್ತಕದ 14:12ರ (14ನೇ ಅಧ್ಯಾಯ, 12ನೇ ವಚನ) ಲ್ಯಾಟಿನ್ ಅನುವಾದದಿಂದ. ಅಲ್ಲಿ ಮಾತು ಬಾಬೆಲಿನ ಅರಸನ ಕುರಿತು. 4ನೇ ವಚನ ಓದಿದರೆ ಸ್ಪಷ್ಟ. ಲೂಸಿಫರ್ ಎಂದರೆ ಬೆಳಕು ತರುವವನು, ಅಂದರೆ ನಮ್ಮ ಹಿರಿಯರು ‘ಬೆಳ್ಳಿ ಮೂಡಿತು’ ಅನ್ನುವಾಗಿನ ಆ ಬೆಳ್ಳಿ ಚುಕ್ಕಿ. ಅದೇ ಲ್ಯಾಟಿನ್ ಬೈಬಲಿನ 2 ಪೇತ್ರ 1:19ರಲ್ಲಿ ಇದೇ ಪದ ಭಕ್ತರ ಹೃದಯದಲ್ಲಿ ಮೂಡುವ ನಕ್ಷತ್ರಕ್ಕೆ ಬಂದಿದೆ. ಬಿದ್ದ ದೇವದೂತನ ಕಥೆ ನಂತರದ ವ್ಯಾಖ್ಯಾನಕಾರರಿಂದ ಬೆಳೆದದ್ದು. ಸಿನಿಮಾ ಆ ಪರಂಪರೆಯನ್ನು ಬಳಸಿದೆ, ತಪ್ಪೇನಿಲ್ಲ.

ಆದರೆ ಸಂಖ್ಯೆ ಹೇಳಿ ಬೇರೇನನ್ನೋ ಓದುವುದು ತಪ್ಪು. ‘ಪಲ್ಪ್ ಫಿಕ್ಷನ್’ (1994) ಚಿತ್ರದ ಕೊಲೆಗಾರ ಯೆಹೆಜ್ಕೇಲ 25:17 ಎಂದು ಉದ್ದಕ್ಕೆ ಒಪ್ಪಿಸುತ್ತಾನೆ. ಕೊನೆಯ ಸಾಲುಗಳು ಬಿಟ್ಟರೆ ಉಳಿದದ್ದು ಆ ವಚನದಲ್ಲಿಲ್ಲ. ‘ದಿ ಓಮೆನ್’ (1976) ಚಿತ್ರದಲ್ಲಿ ಪಾದ್ರಿ ಹೇಳುವ ಭವಿಷ್ಯದ ಪದ್ಯ ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯಲ್ಲಿ ಎಲ್ಲೂ ಇಲ್ಲ. ಆ ಚಿತ್ರದ ಕಥೆ ಸುತ್ತುವ ಕ್ರಿಸ್ತವಿರೋಧಿ (ಕ್ರಿಸ್ತನ ಕಡುವೈರಿ) ಎಂಬ ಪದವೂ ಪ್ರಕಟನೆಯಲ್ಲಿ ಇಲ್ಲ, ಯೋಹಾನನ ಮೊದಲೆರಡು ಪತ್ರಗಳಲ್ಲಿ ಮಾತ್ರ ಇದೆ.

ಇನ್ನೂ ನೋವಾಗುವುದು ಅರ್ಧಕ್ಕೆ ಕತ್ತರಿಸುವಾಗ. ಸೇಡಿನ ಕಥೆಗೆ ರೋಮಾಪುರದವರಿಗೆ 12:19 ಬಹಳ ಇಷ್ಟ: ಮುಯ್ಯಿ ತೀರಿಸುವುದು ನನ್ನ ಕೆಲಸ ಎಂದು ದೇವರು ಹೇಳುವ ಮಾತು. ಅದೇ ವಚನದ ಆರಂಭ, ನೀವೇ ಸೇಡು ತೀರಿಸಬೇಡಿ ಎಂದು. 20ನೇ ವಚನ, ವೈರಿ ಹಸಿದಿದ್ದರೆ ಊಟ ಹಾಕು ಎಂದು. ಕತ್ತಿ ಹಿಡಿದ ನಾಯಕನ ಬಾಯಲ್ಲಿ ಇವೆರಡೂ ಬರುವುದಿಲ್ಲ, ಬಂದರೆ ಕಥೆ ಅಲ್ಲೇ ನಿಲ್ಲುತ್ತದೆ.

ಕಥೆಗೆ ಬೇಕಾದ ಮಾತು ಸೇರಿಸುವುದರ ಬಗ್ಗೆ ನನಗೆ ತಕರಾರಿಲ್ಲ. ಆದಿಕಾಂಡದಲ್ಲಿ ನೋಹ ಬಾಯಿಬಿಡುವುದೇ 9:25ರಲ್ಲಿ, ಜಲಪ್ರಳಯವೆಲ್ಲ ಮುಗಿದ ಮೇಲೆ. ಎರಡು ಗಂಟೆಯ ಚಿತ್ರಕ್ಕೆ ಸಂಭಾಷಣೆ ಹೊಸದಾಗಿ ಬರೆಯಲೇಬೇಕು. ಆದರೆ 2014ರ ‘ನೋಹ’ ಚಿತ್ರ ನೋಹನ ಮಗ ಹಾಮನಿಗೆ ಹೆಂಡತಿಯನ್ನೇ ಕೊಡಲಿಲ್ಲ. 7:13ರಲ್ಲಿ ಮೂವರು ಸೊಸೆಯಂದಿರೂ ನಾವೆ ಹತ್ತುತ್ತಾರೆ. ಅದು ಸೇರಿಸಿದ್ದಲ್ಲ, ಬದಲಿಸಿದ್ದು. ನಮ್ಮ ಕ್ರಿಸ್ಮಸ್ ಗೋದಲಿಯೂ (ಏಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳು) ಲೂಕನ ಸುವಾರ್ತೆಯ ಕುರುಬರನ್ನೂ ಮತ್ತಾಯನ ಸುವಾರ್ತೆಯ ಜ್ಞಾನಿಗಳನ್ನೂ ಒಂದೇ ರಾತ್ರಿಗೆ ತರುತ್ತದೆ, ಮತ್ತಾಯ 2:11ರಲ್ಲಿ ಜ್ಞಾನಿಗಳು ಬರುವುದು ಮನೆಗೆ. ಮಂಜೇಶ್ವರದ ಗೋವಿಂದ ಪೈಗಳು ಏಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಕಾವ್ಯವಾಗಿಸಿದರು. ಅದನ್ನೊಮ್ಮೆ ಓದಿ, ಆಮೇಲೆ ‘ದಿ ಪ್ಯಾಶನ್ ಆಫ್ ದ ಕ್ರೈಸ್ಟ್’ (2004) ನೋಡಿ. ಯೋಹಾನ 19:1ರಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಕೊರಡೆಯ ಏಟನ್ನು ಆ ಚಿತ್ರ ನಿಮಿಷಗಟ್ಟಲೆ ತೋರಿಸುತ್ತದೆ.

ಸಿನಿಮಾದಲ್ಲಿ ವಚನ ಬಂದರೆ ಅಲ್ಲೇ ನಿಲ್ಲಿಸಿ, ಅಧ್ಯಾಯ, ವಚನ ಗುರುತು ಹಾಕಿಕೊಳ್ಳಿ. ಹಿಂದಿನ ಐದು, ಮುಂದಿನ ಐದು ವಚನ ಓದಿ. ಯಾರು ಯಾರಿಗೆ ಹೇಳಿದ್ದು ಎಂದು ನೋಡಿ. ಯೋಬನ ಪುಸ್ತಕದಲ್ಲಿ ಗೆಳೆಯರು ಅವನಿಗೆ ಹೇಳುವ ಮಾತು ಸರಿಯಲ್ಲ ಎಂದು ದೇವರೇ 42:7ರಲ್ಲಿ ಹೇಳುತ್ತಾನೆ. ಮತ್ತಾಯ 4:6ರಲ್ಲಿ ಕೀರ್ತನೆ 91ನ್ನು ಉದ್ಧರಿಸುವವನು ಸೈತಾನ. ಕೀರ್ತನೆಯ ಸಂಖ್ಯೆ ತಾಳೆಯಾಗದಿದ್ದರೆ ಗಾಬರಿ ಬೇಡ, ಹಳೆಯ ಲ್ಯಾಟಿನ್ ಎಣಿಕೆಯಲ್ಲಿ ನಮ್ಮ 23 ಎಂಬುದು 22.

ಮಲಯಾಳದಿಂದ ಕನ್ನಡಕ್ಕೆ ಸಬ್‌ಟೈಟಲ್ ಮಾಡುವ ನಮ್ಮೂರ ಹುಡುಗರಲ್ಲಿ ಒಂದು ಕೋರಿಕೆ: ವಚನವನ್ನು ನೀವೇ ಅನುವಾದಿಸಬೇಡಿ, ಅಚ್ಚಾದ ಕನ್ನಡ ಬೈಬಲಿನಿಂದಲೇ ತೆಗೆದುಕೊಳ್ಳಿ. ಅಲ್ಲಿ ಸಿಗದಿದ್ದರೆ ಸಂಖ್ಯೆಯನ್ನು ಹಾಗೇ ಬಿಟ್ಟು, ಈ ಸಾಲು ಬೈಬಲಿನದಲ್ಲ ಎಂದು ಆವರಣದಲ್ಲಿ ಹಾಕಿ.