ಧೈರ್ಯ ಹೇಳೋಕೆ ಬರೋರಿಗೆ ಒಂದು ಮಾತು

ನಿನ್ನೆ ಹಾಸನದಲ್ಲಿ ಒಂದು ಮನೆಗೆ ಹೋಗಿದ್ದೆ. ಗಂಡನಿಗೆ ಕ್ಯಾನ್ಸರ್ ಲಿವರ್‌ವರೆಗೂ ಹರಡಿದೆ, ಇನ್ನು ವಾಸಿಯಾಗಲ್ಲ, ನೋವಿಲ್ಲದ ಹಾಗೆ ನೋಡ್ಕೊಳ್ಳಿ ಅಂತ ಬೆಂಗಳೂರಿನ ಡಾಕ್ಟರು ಹೇಳಿ ಕಳಿಸಿದ್ದಾರೆ. ಬೆಳಿಗ್ಗೆ 10ಕ್ಕೆ ನೋವು ತಗ್ಗಿಸೋ ಮಾರ್ಫಿನ್ ಮಾತ್ರೆ ಕೊಡಬೇಕಿತ್ತು. ಅದೇ ಹೊತ್ತಿಗೆ ಆರು ಜನ ನೆಂಟರು ಮೂಸಂಬಿ, ಎಳನೀರು ಹಿಡ್ಕೊಂಡು ಬಂದ್ರು. ಹೆಂಡತಿ ಒಲೆ ಮುಂದೆ ಹೋದ್ರು. ಕಾಫಿ ಆಯ್ತು, ಶುಗರ್ ಇರೋರಿಗೆ ಸಕ್ಕರೆ ಹಾಕದ್ದು ಬೇರೆ ಆಯ್ತು, ಲೋಟ ತೊಳೆದದ್ದೂ ಆಯ್ತು. ಮಾತ್ರೆ ಗಂಡನ ಬಾಯಿಗೆ ಬೀಳುವಾಗ ಹತ್ತೂ ಮುಕ್ಕಾಲು. ಅಷ್ಟರಲ್ಲಿ ಮಂಚದ ಅಂಚು ಹಿಡಿದಿದ್ದ ಅವರ ಬೆರಳು ಬೆಳ್ಳಗಾಗಿತ್ತು. ಹೊರಡುವಾಗ ನೆಂಟರದ್ದೆಲ್ಲ ಒಂದೇ ಮಾತು: "ಧೈರ್ಯವಾಗಿರಮ್ಮ, ನೀನೇ ಹಿಂಗಾದ್ರೆ ಹೆಂಗೆ?"

ಅಲ್ಲೇ ಇದ್ದ ನಾನೂ ಗಡಿಯಾರ ನೋಡಿದ್ದು ತಡವಾಗಿ. ಆ ಸಂಕಟಕ್ಕೇ ಇದನ್ನ ಬರೀತಿದ್ದೀನಿ.

ಇಂಥ ರೋಗಿಗಳ ಮನೆಗೆ ಹೋಗಿ ಆರೈಕೆಗೆ ನೆರವಾಗೋದು ನನ್ನ ಕೆಲಸ. ಸಾಮಾನ್ಯ ಮಾರ್ಫಿನ್ ಮಾತ್ರೆ ಕೆಲಸ ಮಾಡೋದು ಸುಮಾರು 4 ಗಂಟೆ. ಸಮಯ ತಪ್ಪಿ ನೋವು ಒಂದು ಸಲ ಮೇಲೆದ್ರೆ ತಗ್ಗಿಸೋದು ಕಷ್ಟ. ಅದರ ಜೊತೆ ಮಲಬದ್ಧತೆ ಆಗೇ ಆಗುತ್ತೆ, ಅದಕ್ಕೆ ಡಾಕ್ಟರು ಬೇರೆ ಔಷಧಿ ಬರೆದಿರ್ತಾರೆ, ಅದನ್ನೂ ಬಿಡೋ ಹಾಗಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ರೆ ಬೆನ್ನು ಹುಣ್ಣಾಗುತ್ತೆ. ಇದನ್ನೆಲ್ಲ ತಿಂಗಳುಗಟ್ಟಲೆ ಒಬ್ಬಳೇ ಮಾಡೋಳಿಗೆ ಧೈರ್ಯ ಹೇಳಬೇಕಾ? ಅವಳ ಹತ್ರ ಧೈರ್ಯ ಇದ್ದೇ ಇದೆ. ಇಲ್ಲದೇ ಇರೋದು ನಿದ್ದೆ.

ವಾರಕ್ಕೊಂದು ಮಧ್ಯಾಹ್ನ, 2ರಿಂದ 6, ನೀವು ಹೋಗಿ ಕೂತ್ಕೊಳ್ಳಿ. ಪ್ರತಿ ವಾರ ಅದೇ ದಿನ, ಅದೇ ಹೊತ್ತು. "ಏನಾದ್ರೂ ಬೇಕಿದ್ರೆ ಹೇಳಮ್ಮ" ಅಂದ್ರೆ ಯಾರೂ ಕೇಳಲ್ಲ, ಕೇಳೋಕೆ ಸಂಕೋಚ. ಮೊದಲನೇ ದಿನ ಅವರು ಮನೇಲಿರೋವಾಗಲೇ ಎಲ್ಲ ನೋಡಿ ಕಲೀರಿ. ಒಂದು ಹಾಳೆ ಬರೆಸ್ಕೊಂಡು ಗೋಡೆಗೆ ಅಂಟಿಸಿ: ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆಗೆ, ಕೊನೇ ಸಲ ಕೊಟ್ಟಿದ್ದು ಯಾವಾಗ, ಮಲ ಹೋಗಿದ್ದು ಯಾವಾಗ, ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಡಾಕ್ಟರ ಫೋನ್ ನಂಬರ್. ಈ ಏರ್ಪಾಡು ಕೆಡೋದು ಎಲ್ಲಿ ಅಂದ್ರೆ, ಹೋದವರು ಹತ್ತು ನಿಮಿಷಕ್ಕೊಂದು ಸಲ "ಅಕ್ಕಾ, ಟವೆಲ್ ಎಲ್ಲಿ" ಅಂತ ಫೋನ್ ಮಾಡೋದ್ರಲ್ಲಿ. ಇನ್ನೊಂದು, ಹೆಂಡತಿ ಮನೇಲೇ ಉಳಿದ್ರೆ ಮತ್ತೆ ಒಲೆ ಹಚ್ಚುತ್ತಾರೆ. ಪಕ್ಕದ ಮನೇಲಾದ್ರೂ ಹೋಗಿ ಮಲಗಲಿ.

"ನಮ್ಮ ಕಡೆ ಬಂದೋರಿಗೆ ಕಾಫಿ ಕೊಡದೆ ಕಳಿಸ್ತಾರಾ?" ಅಂತ ಕೇಳ್ತೀರಿ. ಕೊಡ್ತಾರೆ, ನನಗೂ ಗೊತ್ತು. ಆದ್ರೆ ಆ ಮನೇಲಿ ಕಾಫಿ ನೀವೇ ಮಾಡಿ ಕೊಟ್ರೆ ಯಾವ ಪದ್ಧತಿಯೂ ಮುರಿಯಲ್ಲ.

ಇನ್ನು ಮನಸ್ಸಿನ ಮಾತು. ರೋಗಿಗೆ ವಿಷಯ ಹೇಳಬೇಡಿ ಅಂತ ಮನೆಯವರು ತೀರ್ಮಾನ ಮಾಡಿರ್ತಾರೆ. ಗಂಡನಿಗೆ ಗೊತ್ತಾಗಿರುತ್ತೆ, ಹೆಂಡತಿಗೆ ಬೇಜಾರಾಗುತ್ತೆ ಅಂತ ಅವರೂ ಬಾಯಿ ಬಿಡಲ್ಲ. ಒಬ್ಬರು ಬಚ್ಚಲಲ್ಲಿ ಅಳ್ತಾರೆ, ಇನ್ನೊಬ್ಬರು ಗೋಡೆ ಕಡೆ ತಿರುಗಿ. "ಡಾಕ್ಟರು ಏನಂದ್ರು ಅಂತ ನಿಮಗನ್ಸುತ್ತೆ?" ಅಂತ ಹೆಂಡತಿ ಒಂದು ಸಲ ಕೇಳಿ ನೋಡಲಿ. ಗಂಡ ಬೇಡ ಅಂದ್ರೆ ಅಲ್ಲಿಗೇ ಬಿಡಲಿ. ಮಾತಾಡಿದ್ರೆ ಇಬ್ಬರೂ ಒಟ್ಟಿಗೆ ಅಳಬಹುದು.

ಯಾರಿಗೂ ಹೇಳದ ಇನ್ನೊಂದು ಮಾತಿದೆ. "ಬೇಗ ಮುಗಿದು ಹೋದ್ರೆ ಸಾಕಪ್ಪ" ಅಂತ ರಾತ್ರಿ ಮೂರು ಗಂಟೆಗೆ ಮನಸ್ಸಿಗೆ ಬರುತ್ತೆ, ಮರುಕ್ಷಣ "ಛೀ, ನಾನೆಂಥ ಹೆಂಡತಿ" ಅನ್ಸುತ್ತೆ. ಹೀಗೆ ನೋಡ್ಕೊಳ್ಳೋ ಎಷ್ಟೋ ಜನಕ್ಕೆ ಬರೋ ಯೋಚನೆ ಇದು. ಅವರು ಬಯಸೋದು ನೋವು ಮುಗೀಲಿ ಅಂತ, ಗಂಡ ಹೋಗಲಿ ಅಂತಲ್ಲ. ಇದನ್ನ ಕೇಳಿ ಗಾಬರಿಯಾಗದ ಒಬ್ಬರು ಬೇಕು. ಆ ಒಬ್ಬರು ನೆಂಟರೇ ಆಗಬೇಕಿಲ್ಲ, ಆಗದಿದ್ರೇ ಎಷ್ಟೋ ಸಲ ಒಳ್ಳೇದು. ಹೆಂಡತಿಯನ್ನ ನೋಡ್ಕೊಳ್ಳೋ ಗಂಡಸರಿಗಂತೂ ಇದು ಇನ್ನೂ ಕಷ್ಟ, "ಏನಿಲ್ಲ ಬಿಡಣ್ಣ" ಅಂದು ಎದ್ದು ಹೋಗ್ತಾರೆ.

ಹಾಗೆ ಮಾತಾಡೋಕೆ 14416 ಇದೆ. ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ನಂಬರ್ ಅದು, 2022ರಲ್ಲಿ ಶುರುವಾದದ್ದು. 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. "ನನಗೆ ಕಾಯಿಲೆ ಇಲ್ಲ, ಕಾಯಿಲೆಯವರನ್ನ ನೋಡ್ಕೊಳ್ತಿದ್ದೀನಿ, ಸುಸ್ತಾಗಿದೆ" ಅಂತ ಶುರು ಮಾಡಿದ್ರೆ ಸಾಕು. ಬೇರೆಯವರು ಕೂತು ಬಿಡುವು ಕೊಟ್ಟರೂ ಎರಡು ವಾರದಿಂದ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ ಅಂದ್ರೆ ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರ್ಕೊಂಡು ಹೋಗಿ. "ನಾನೂ ಜೊತೆಗೇ ಹೋಗಿಬಿಡ್ತೀನಿ" ಅಂದ್ರೆ ಅವತ್ತೇ, ಒಂಟಿಯಾಗಿ ಬಿಡದೆ.

ಮನೇಲಿ ಆಗೋದೇ ಇಲ್ಲ ಅನ್ನೋ ಹಂತಕ್ಕೆ ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ, ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನ ದುಡ್ಡು ತಗೊಳ್ಳದೆ ನೋಡ್ಕೊಳ್ತಾರೆ. ಅಲ್ಲಿಗೆ ಸೇರಿಸಿದ್ರೆ "ಗಂಡನ್ನ ತಳ್ಳಿಬಿಟ್ಲು" ಅಂತ ದಯವಿಟ್ಟು ಅನ್ನಬೇಡಿ. ಆ ಒಂದು ಮಾತಿಗೆ ಹೆದರಿ ಕೈಲಾಗದಿದ್ರೂ ಮನೇಲೇ ಇಟ್ಕೊಂಡವರನ್ನ ನೋಡಿದ್ದೀನಿ.

ನಿನ್ನೆಯ ಮನೆಗೆ ಬುಧವಾರ, ಭಾನುವಾರಕ್ಕೆ ಜನ ಸಿಕ್ಕಿದ್ದಾರೆ. ಶುಕ್ರವಾರ 2ರಿಂದ 6 ಖಾಲಿ ಇದೆ. ಹಾಸನದಲ್ಲಿರೋರು ಇನ್‌ಬಾಕ್ಸಿಗೆ ಬನ್ನಿ. ಮೂಸಂಬಿ ಬೇಡ, ಮನೇಲಿ ಬೇಕಾದಷ್ಟಿದೆ.