ಸಿನಿಮಾ ತೋರಿಸಿ ಧರ್ಮಗಳನ್ನು ಕಲಿಸುವಾಗ ಅಂಕ ಯಾವುದಕ್ಕೆ?

ಕೆನಡಾದ ಒಂಟಾರಿಯೊ ಪ್ರಾಂತ್ಯದ ಹೈಸ್ಕೂಲುಗಳಲ್ಲಿ ಹನ್ನೊಂದನೇ ತರಗತಿಯ ಮಕ್ಕಳು ವಿಶ್ವಧರ್ಮಗಳನ್ನು ಒಂದು ವಿಷಯವಾಗಿ ಓದಬಹುದು. 110 ಗಂಟೆಗಳ ಈ ಪಾಠದ ನಡುವೆ ಆಂಗ್ ಲೀ ನಿರ್ದೇಶನದ ‘ಲೈಫ್ ಆಫ್ ಪೈ’ (2012) ಸಿನಿಮಾ ತೋರಿಸಿ, ಅದರ ಮೇಲೆ ಪ್ರಬಂಧ ಬರೆಸಿ ಅಂಕ ಕೊಡುವ ಶಿಕ್ಷಕರಿದ್ದಾರೆ. ಇದೇ ವಿಷಯವನ್ನು ಕಲಿಸುವ ನನಗೆ ಆ ಆಯ್ಕೆ ಮನಸಾರೆ ಒಪ್ಪಿಗೆ. ಆದರೆ ಸಿನಿಮಾ ಮುಗಿದ ಮೇಲೆ ಮಕ್ಕಳ ಕೈಗೆ ಬರುವ ಪ್ರಶ್ನೆಗಳು ನನ್ನನ್ನು ಕಾಡುತ್ತವೆ.

ಚಿತ್ರದ ಕಥೆ ಇಷ್ಟು: ಹಿಂದೂ, ಕ್ರೈಸ್ತ, ಇಸ್ಲಾಂ ಮೂರನ್ನೂ ಪಾಲಿಸುವ ಪೈ ಎಂಬ ಭಾರತದ ಹುಡುಗ, ಹಡಗು ಮುಳುಗಿದ ಮೇಲೆ ಒಂದು ಹುಲಿಯೊಡನೆ ದೋಣಿಯಲ್ಲಿ ಕಡಲು ದಾಟಿ ಬದುಕುಳಿಯುತ್ತಾನೆ. ಅದನ್ನು ನಂಬದವರಿಗೆ ಅವನೇ ಹುಲಿಯಿಲ್ಲದ ಇನ್ನೊಂದು ಕಥೆಯನ್ನೂ ಹೇಳುತ್ತಾನೆ. ಇದರ ಮೇಲೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು ಬಗೆಯವು. ಯಾವ ದೃಶ್ಯದಲ್ಲಿ ಯಾವ ಧರ್ಮದ ಸಂಕೇತವಿದೆ ಎಂದು ಗುರುತಿಸುವುದು ಮೊದಲನೆಯದು. ಹುಲಿಯಿರುವ ಕಥೆ ಮತ್ತು ಹುಲಿಯಿಲ್ಲದ ಕಥೆಗಳಲ್ಲಿ ನೀವು ಯಾವುದನ್ನು ನಂಬುತ್ತೀರಿ, ಏಕೆ ಎಂದು ಕೇಳುವುದು ಎರಡನೆಯದು. ಮೊದಲನೆಯದು ಕಣ್ಣಿನ ಚುರುಕನ್ನಷ್ಟೇ ಅಳೆಯುತ್ತದೆ. ಎರಡನೆಯದು ಚರ್ಚೆಗೆ ಬಹಳ ಒಳ್ಳೆಯ ಪ್ರಶ್ನೆಯಾದರೂ, ಅದಕ್ಕೆ ಅಂಕವಿಟ್ಟ ಕೂಡಲೇ ಹದಿನಾರು ವರ್ಷದ ಮಕ್ಕಳು ಶಿಕ್ಷಕರಿಗೆ ಯಾವ ನಂಬಿಕೆ ಹಿಡಿಸೀತೆಂದು ಲೆಕ್ಕ ಹಾಕತೊಡಗುತ್ತಾರೆ. ಪ್ರಾಂತ್ಯದ ಮೌಲ್ಯಮಾಪನ ನೀತಿಯಲ್ಲಿರುವುದು ಜ್ಞಾನ, ಚಿಂತನೆ, ಸಂವಹನ, ಅನ್ವಯ ಎಂಬ ನಾಲ್ಕು ವಿಭಾಗಗಳು. ನಂಬಿಕೆಗೆ ಅಲ್ಲಿ ಜಾಗವಿಲ್ಲ, ಇರಲೂಬಾರದು.

ಪೈ ಒಂದು ರಾತ್ರಿ ತಂಗುವ ದ್ವೀಪವನ್ನೇ ನೋಡಿ. ದೂರದಿಂದ ತೋರಿಸುವಾಗ ಅದು ನೀರಿನ ಮೇಲೆ ಮಲಗಿದ ಮನುಷ್ಯಾಕಾರದಂತೆ ಕಾಣುತ್ತದೆ. ಶ್ರೀರಂಗಪಟ್ಟಣದ ರಂಗನಾಥನನ್ನು ಕಂಡ ಕನ್ನಡದ ಮಗುವಿಗೆ ಅದು ಶೇಷಶಾಯಿ ವಿಷ್ಣು ಎಂದು ಹೇಳಿಕೊಡಬೇಕಾಗಿಲ್ಲ, ಗುರುತಿಸುವ ಅಂಕ ಅದಕ್ಕೆ ಸುಲಭವಾಗಿ ಸಿಗುತ್ತದೆ. ಆದರೆ ಹಗಲು ಸಿಹಿನೀರು ಕೊಟ್ಟ ಆ ದ್ವೀಪ ರಾತ್ರಿ ಜೀವಗಳನ್ನು ಕರಗಿಸಿ ನುಂಗುತ್ತದೆ. ಪಾಲಿಸುವವನ ಆಕಾರದ ನೆಲವೇ ನುಂಗುವುದೇಕೆ? ಯಶೋದೆಗೆ ಬಾಯಲ್ಲಿ ಬ್ರಹ್ಮಾಂಡ ತೋರಿದ ಕೃಷ್ಣನ ಕಥೆಯನ್ನು ಇದೇ ಚಿತ್ರ ಆರಂಭದಲ್ಲಿ ಹೇಳುತ್ತದೆ. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅದೇ ಬಾಯಿ ಯೋಧರನ್ನು ನುಂಗುವುದನ್ನು ಅರ್ಜುನ ಕಾಣುತ್ತಾನೆ. ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಬರೆದ ಒಂದು ಪುಟ, ಸಂಕೇತಗಳ ಇಡೀ ಪಟ್ಟಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಸ್ಲಾಂಗೆ ಚಿತ್ರ ಕೊಟ್ಟಿರುವುದು ಕೆಲವೇ ಗಳಿಗೆ: ಮಸೀದಿ, ಚಾಪೆ, ನಮಾಜು, ಅಷ್ಟೇ. ಮುನ್ನಾರಿನ ಚರ್ಚಿನಲ್ಲಿ ಪಾದ್ರಿ ನೀರು ಕೊಡುವ ದೃಶ್ಯಕ್ಕಿರುವ ಬಿಡುವು ಇಲ್ಲಿಲ್ಲ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಮೂರು ಧರ್ಮಗಳನ್ನು ಒಟ್ಟಿಗೆ ಪಾಲಿಸುವ ಪೈನ ದಾರಿಯೇ ಒಂದು ವಾದ. ದೇವರು ಒಬ್ಬನೇ, ಅವನಿಗೆ ಸಮಾನರಿಲ್ಲ ಎಂಬ ತೌಹೀದ್ ತತ್ತ್ವವನ್ನು ಜೀವನಾಡಿಯಾಗಿ ಹೊಂದಿರುವ ಮುಸ್ಲಿಂ ಹುಡುಗಿಯೊಬ್ಬಳು ಆ ವಾದವನ್ನು ಒಪ್ಪಲಾರಳು. ಅವಳು ಕಾರಣ ಕೊಟ್ಟು ಹಾಗೆ ಬರೆದರೆ ಪೂರ್ಣಾಂಕ ಸಿಗಬೇಕು, ದೇವರೇ ಇಲ್ಲವೆನ್ನುವ ಹುಡುಗನ ಆಧಾರಸಹಿತ ಉತ್ತರಕ್ಕೂ ಸಿಗಬೇಕು. ಎಲ್ಲ ಧರ್ಮಗಳೂ ಒಂದೇ ಎಂಬ ಇಂಪಾದ ವಾಕ್ಯದಿಂದ ಮುಗಿಯುವ ಪ್ರಬಂಧಗಳಿಗೆ ನಾವು ಕಣ್ಣುಮುಚ್ಚಿ ಅಂಕ ಸುರಿಯುವುದು ನನಗೆ ನಿಜಕ್ಕೂ ನೋವು ತರುತ್ತದೆ.

ಚಿತ್ರ ಒಂದು ಧರ್ಮದ ಬಗ್ಗೆ ಹೇಳುವ ಒಂದು ಮಾತನ್ನು ಆರಿಸಿಕೊಂಡು, ಆ ಧರ್ಮವನ್ನು ಬಾಳುವವರು ಅದನ್ನು ಎಲ್ಲಿ ಒಪ್ಪುತ್ತಾರೆ, ಎಲ್ಲಿ ತಿದ್ದುತ್ತಾರೆ ಎಂದು ಗ್ರಂಥದ ಅಥವಾ ಆಚರಣೆಯ ಆಧಾರದಿಂದ ಬರೆಯಿರಿ ಎಂದು ಕೇಳಿದರೆ ಸಾಕು, ನಾಲ್ಕೂ ವಿಭಾಗಗಳು ಅದರೊಳಗೆ ಬರುತ್ತವೆ. ಇದಕ್ಕೆ ಸಮಯ ಬೇಕು, ನಿಜ. 127 ನಿಮಿಷದ ಚಿತ್ರ 75 ನಿಮಿಷದ ಎರಡು ಪೀರಿಯಡ್‌ಗಳನ್ನು ಹಿಡಿಯುತ್ತದೆ. ಗ್ರಂಥಭಾಗಗಳನ್ನು ಓದಲು ಇನ್ನೆರಡಾದರೂ ಬೇಕು. ಹಬ್ಬಗಳ ಹೆಸರನ್ನು ಬಾಯಿಪಾಠ ಮಾಡಿಸುವ ಪೀರಿಯಡ್‌ಗಳನ್ನು ಬಿಟ್ಟುಕೊಟ್ಟರೆ ಅವು ಖಂಡಿತ ಸಿಗುತ್ತವೆ.