ಸೆಕೆಯನ್ನು ಬರೀ ಡಿಗ್ರಿಯಲ್ಲಿ ಅಳೆಯಬೇಡಿ

"ಕಲಬುರಗಿಯಲ್ಲಿ 43 ಡಿಗ್ರಿ, ನಿಮ್ಮ ಮಂಗಳೂರಿನಲ್ಲಿ ಬರೀ 34. ನಿಮ್ಮದೇನು ಗೋಳು?" ಏಪ್ರಿಲ್ ಬಂತೆಂದರೆ ಘಟ್ಟದ ಮೇಲಿನ ಗೆಳೆಯರು ಹೀಗೆ ಕೇಳುತ್ತಾರೆ. ಕೇಳಿ ಬೇಜಾರಾಗುತ್ತದೆ.

ಬೆವರು ಬಂದರೆ ಸಾಲದು, ಅದು ಆರಬೇಕು. ಆಗಲೇ ಮೈ ತಣ್ಣಗಾಗುವುದು. ಕರಾವಳಿಯ ಗಾಳಿಯಲ್ಲಿ ನೀರಿನ ಪಸೆ ಮೊದಲೇ ತುಂಬಿರುತ್ತದೆ. ಹಾಗಾಗಿ ಬೆವರು ಸುರಿಯುತ್ತಲೇ ಇರುತ್ತದೆ, ಮೈಯ ಬಿಸಿ ಮಾತ್ರ ಇಳಿಯುವುದಿಲ್ಲ. 34 ಡಿಗ್ರಿಗೆ ಶೇ 70ರಷ್ಟು ತೇವಾಂಶ ಸೇರಿದರೆ ಮೈಗೆ ಅದು 45 ಡಿಗ್ರಿ ದಾಟಿದ ಹಾಗೆ. ಅದೂ ನೆರಳಿನಲ್ಲಿ!

2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರ್‌ಘರ್‌ನಲ್ಲಿ ಪ್ರಶಸ್ತಿ ಸಮಾರಂಭಕ್ಕೆಂದು ಲಕ್ಷಗಟ್ಟಲೆ ಜನ ಬಯಲಿನಲ್ಲಿ ಕುಳಿತಿದ್ದರು. ಉಷ್ಣಾಂಶ 38ರ ಆಸುಪಾಸು. 14 ಮಂದಿ ಸತ್ತರು. ಅದೂ ನಮ್ಮ ಹಾಗೇ ಕಡಲ ಬದಿಯ ಊರು.

ಹವಾಮಾನ ಇಲಾಖೆಯ ಮಾನದಂಡದಲ್ಲಿ ಕರಾವಳಿಯ ಉಷ್ಣಾಂಶ ಕನಿಷ್ಠ 37 ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿಯೂ ಇರಬೇಕು. ಆಗ ಮಾತ್ರ ಅದು ಬಿಸಿಗಾಳಿ. 35 ಡಿಗ್ರಿಯ ಉಸಿರುಕಟ್ಟುವ ಸೆಕೆ ಆ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ಒಳ್ಳೆಯ ಕ್ರಮ. ಕರಾವಳಿಗೂ ಬೇಕು. ಆದರೆ ನನ್ನ ಚಿಂತೆ ಫ್ಯಾನಿನ ಕೆಳಗೆ ಕುಳಿತವರದ್ದಲ್ಲ. ಮಧ್ಯಾಹ್ನ ಕೆಂಪುಕಲ್ಲು ಹೊರುವವರು, ಹೆದ್ದಾರಿಗೆ ಡಾಂಬರು ಹಾಕುವವರು, ಬಂದರಿನಲ್ಲಿ ಮೀನಿನ ಬುಟ್ಟಿ ಎತ್ತುವವರು, ಶೀಟಿನ ಮಾಡಿನಡಿ ಗೇರುಬೀಜ ಒಡೆಯುವ ಹೆಂಗಸರು, ಇವರೆಲ್ಲ ಏನು ಮಾಡಬೇಕು? ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರೂ ಇವರಲ್ಲಿ ಎಷ್ಟೋ ಜನ. ಒಣಬಿಸಿಲಿಗೆ ಒಗ್ಗಿದ ಮೈ ಇಲ್ಲಿನ ಸೆಕೆಗೆ ಒಗ್ಗಲು ಸಮಯ ಬೇಕು. ರಾತ್ರಿಯೂ ಸೆಕೆ ಇಳಿಯದ ಶೆಡ್ಡಿನಲ್ಲಿ ನಿದ್ದೆಯೂ ಇಲ್ಲ.

ಬೆವರುತ್ತಿದ್ದರೆ ಭಯವಿಲ್ಲ ಎಂದು ಸುಮ್ನೆ ಇರಬೇಡಿ. ಮೈ ಸುಡುತ್ತಿದ್ದು, ಮಾತು ತೊದಲಿದರೆ, ಏನೇನೋ ಮಾತಾಡಿದರೆ ಅದು ಶಾಖಾಘಾತ. ಬೆವರು ಇದ್ದರೂ ಆಗಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ. ನೆರಳಿಗೆ ತಂದು ಮೈಗೆಲ್ಲ ನೀರು ಹಾಕಿ, ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಕಂಟ್ರಾಕ್ಟರುಗಳೇ, ಮೇಸ್ತ್ರಿಗಳೇ, ಕೆಲಸವನ್ನು ಬೆಳಿಗ್ಗೆ 6ಕ್ಕೇ ಶುರು ಮಾಡಿಸಿ. 11ರಿಂದ 3ರವರೆಗೆ ನಿಲ್ಲಿಸಿ. ನೆರಳು, ನೀರು, ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಆ ನಾಲ್ಕು ಗಂಟೆಯ ಕೂಲಿ ಕಡಿಯಬೇಡಿ. ಕಡಿದರೆ ಯಾರೂ ನೆರಳಿಗೆ ಬರುವುದಿಲ್ಲ.